ಮ್ಯೂಸಿಯಂ ಕಡತದಿಂದ ಹಳೆಯ ಭಾಷೆಯ ಪದ ತೆಗೆಯುವುದು ಹೇಗೆ?

ಮಾನವಶಾಸ್ತ್ರ ಮ್ಯೂಸಿಯಂಗಳ ಹಳೆಯ ಕಡತಗಳು ಒಂದೊಂದಾಗಿ ಇಂಟರ್ನೆಟ್ಟಿಗೆ ಬರುತ್ತಿವೆ. ಬುಡಕಟ್ಟು ಭಾಷೆಗಳ ಮೇಲೆ ಕೆಲಸ ಮಾಡುವ ಹುಡುಗ ಹುಡುಗಿಯರು ಖುಷಿಯಿಂದ ನುಗ್ಗುತ್ತಾರೆ. ಸಿಕ್ಕ ಪದಪಟ್ಟಿಯ ಫೋಟೊ ಹೊಡೆದು ಅವತ್ತು ರಾತ್ರಿಯೇ ಎಕ್ಸೆಲ್‌ಗೆ ತುಂಬುತ್ತಾರೆ. ಸ್ವಲ್ಪ ದಿನ ಬಿಟ್ಟು ಕೇಳಿ ನೋಡಿ: ಈ ಪದ ಹೇಳಿದವರು ಯಾರು? ಬರೆದುಕೊಂಡವರು ಯಾರು? ಯಾವ ಪುಟದ್ದು? ತಲೆ ಕೆರೆದುಕೊಳ್ಳುತ್ತಾರೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಲೇಖನ.

ಉದಾಹರಣೆಗೆ ಅಮೆರಿಕದ ಬರ್ಕ್ಲಿಯಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಸ್ಟ್ ಮ್ಯೂಸಿಯಂ ಇಟ್ಟುಕೊಳ್ಳೋಣ. 1901ರಲ್ಲಿ ಶುರುವಾದದ್ದು. ಅಲ್ಲಿ ಸುಮಾರು 2,700 ಮೇಣದ ಸಿಲಿಂಡರ್‌ಗಳಿವೆ, ಅಂದರೆ ಮೇಣದ ಮೇಲೆ ಗೀರು ಮೂಡಿಸಿ ಸದ್ದು ಹಿಡಿದಿಟ್ಟ ಹಳೆಯ ಧ್ವನಿಮುದ್ರಣಗಳು. ಹೆಚ್ಚಿನವುಗಳಲ್ಲಿ ಇರುವುದು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಹಾಡು, ಕತೆ, ಮಾತು. ಈ ಕೆಲಸದಲ್ಲಿ ಬರುವ ತೊಡಕುಗಳೆಲ್ಲ ಈ ಒಂದೇ ಕಡೆ ಸಿಗುತ್ತವೆ. ನಮಗೊಂದು ನಂಟೂ ಇದೆ. 1935ರಿಂದ 1938ರವರೆಗೆ ನಮ್ಮ ದೇಶದಲ್ಲಿದ್ದು ತೊದ, ಕೋತ, ಕೊಡವ ಭಾಷೆಗಳನ್ನು ಬರೆದುಕೊಂಡ ಎಂ.ಬಿ. ಎಮೆನೊ ಆಮೇಲೆ ಪಾಠ ಹೇಳಿದ್ದು ಬರ್ಕ್ಲಿಯಲ್ಲೇ.

ಹೆಜ್ಜೆ 1: ಹಳೆಯ ಹೆಸರಿನಲ್ಲಿ ಹುಡುಕಿ

ಜನ ಇವತ್ತು ತಮ್ಮನ್ನು ಕರೆದುಕೊಳ್ಳುವ ಹೆಸರು ಹಳೆಯ ಕ್ಯಾಟಲಾಗಿನಲ್ಲಿ ಇರುವುದು ಅಪರೂಪ. ಕ್ಯಾಲಿಫೋರ್ನಿಯಾದ ಓಲೋನಿ ಜನರ ಕಾಗದ ಬೇಕಾದರೆ ‘ಕೋಸ್ಟನೋವನ್’ ಅಂತ ಹುಡುಕಬೇಕು. ಕುಮೆಯಾಯ್ ಜನರದ್ದು ‘ಡಿಯೆಗೆನ್ಯೊ’ ಅಂತ ಇರುತ್ತದೆ. ನಮ್ಮ ಕಡೆ ಕೊಡವ ಅಂದರೆ ‘ಕೂರ್ಗ್’, ಕನ್ನಡ ಅಂದರೆ ‘ಕೆನರೀಸ್’. ಅದಕ್ಕಿಂತ ಒಳ್ಳೆಯ ದಾರಿ, ಬರೆದುಕೊಂಡವರ ಹೆಸರು ಹಾಕಿ ಹುಡುಕುವುದು. ಆಲ್ಫ್ರೆಡ್ ಕ್ರೋಬರ್, ಜೆ.ಪಿ. ಹ್ಯಾರಿಂಗ್ಟನ್ ಇಂಥ ಹೆಸರು ಕೊಟ್ಟರೆ ಭಾಷೆಯ ಹೆಸರಿಗೆ ಸಿಗದ್ದೂ ಸಿಗುತ್ತದೆ.

‘ಈ ಭಾಷೆ ಅಳಿದಿದೆ’ ಅಂತ ಎಲ್ಲಾದರೂ ಕಂಡರೆ ನಂಬಿ ಕೂರಬೇಡಿ. ಕೋಸ್ಟನೋವನ್ ಗುಂಪು ಹೆಚ್ಚುಕಡಿಮೆ ಮುಗಿದೇ ಹೋಯಿತು ಅಂತ ಕ್ರೋಬರ್ 1925ರಲ್ಲಿ ಬರೆದರು. ನಾಲ್ಕೇ ವರ್ಷಕ್ಕೆ, 1929ರಲ್ಲಿ, ಹ್ಯಾರಿಂಗ್ಟನ್ ಅದೇ ಗುಂಪಿನ ಮುಟ್ಸುನ್ ಭಾಷೆಯನ್ನು ಅಸೆನ್ಸಿಯೋನ್ ಸೊಲೋರ್ಸಾನೊ ಎಂಬ ಅಜ್ಜಿಯ ಬಳಿ ಕೂತು ಬರೆದುಕೊಳ್ಳುತ್ತಿದ್ದರು. ಆ ಅಜ್ಜಿ 1930ರಲ್ಲಿ ತೀರಿಕೊಂಡರು. ಅವರು ಹೇಳಿದ್ದೆಲ್ಲ ಕಾಗದದಲ್ಲಿ ಉಳಿಯಿತು. 2016ರಲ್ಲಿ ಬಂದ ಮುಟ್ಸುನ್ ನಿಘಂಟು ನಿಂತಿರುವುದು ಮುಖ್ಯವಾಗಿ ಆ ಕಾಗದಗಳ ಮೇಲೆ.

ಹೆಜ್ಜೆ 2: ಸಂಖ್ಯೆ ಮೊದಲು, ಪದ ಆಮೇಲೆ

ಪ್ರತಿ ವಸ್ತುವಿಗೂ, ಪ್ರತಿ ಸಿಲಿಂಡರಿಗೂ ಒಂದು ಕ್ಯಾಟಲಾಗ್ ಸಂಖ್ಯೆ ಇರುತ್ತದೆ. ಹರ್ಸ್ಟ್‌ನಲ್ಲಿ ಧ್ವನಿಮುದ್ರಣದ ಸಂಖ್ಯೆಯ ಮುಂದೆ ‘24-’ ಇರುತ್ತದೆ, ಫೋಟೊದ್ದರ ಮುಂದೆ ‘15-’, ಕ್ಯಾಲಿಫೋರ್ನಿಯಾದ ವಸ್ತುಗಳದ್ದರ ಮುಂದೆ ‘1-’. ಈ ಸಂಖ್ಯೆ ಬರೆಯದೆ ಒಂದು ಪದವನ್ನೂ ಬರೆದುಕೊಳ್ಳಬೇಡಿ. ಎಕ್ಸೆಲ್ ಬಳಸುವವರು ಆ ಕಾಲಮ್ಮನ್ನು ಟೈಪ್ ಮಾಡುವ ಮುಂಚೆಯೇ ‘ಟೆಕ್ಸ್ಟ್’ ಮಾಡಿಕೊಳ್ಳಿ. ಇಲ್ಲದಿದ್ದರೆ 1-10 ಅಂತ ಹೊಡೆದ ಸಂಖ್ಯೆಯನ್ನು ಅದು ತಾರೀಖು ಮಾಡಿಬಿಡುತ್ತದೆ, ಆಮೇಲೆ ವಾಪಸ್ ತರಲು ಆಗುವುದಿಲ್ಲ.

ನೋಟ್‌ಬುಕ್ ಒಂದನ್ನೇ ನೋಡಿ ಎದ್ದು ಬರಬೇಡಿ. ಬುಟ್ಟಿ, ಬಲೆ, ಬಿಲ್ಲು ಇವುಗಳ ಲೆಡ್ಜರ್ ಸಾಲಿನಲ್ಲೂ ಜನ ಹೇಳಿದ ಹೆಸರು ಇರಬಹುದು. ಭಾಷೆಯ ಮೇಲೆ ಕೆಲಸ ಮಾಡುವವರು ಅತ್ತ ತಿರುಗಿಯೂ ನೋಡುವುದಿಲ್ಲ.

ಹೆಜ್ಜೆ 3: ಪ್ರತಿ ತೆಗೆಯುವುದು

ಪೆನ್ಸಿಲ್ ಒಯ್ಯಿರಿ, ಪೆನ್ನು ಒಳಗೆ ಬಿಡುವುದಿಲ್ಲ. ಫೋಟೊಗೆ ಫೋನಿನ ಮಾಮೂಲಿ ಕ್ಯಾಮೆರಾ ಸಾಕು. ದಯವಿಟ್ಟು ಸ್ಕ್ಯಾನಿಂಗ್ ಆ್ಯಪ್ ಬಳಸಬೇಡಿ. ಅವು ಪುಟವನ್ನು ‘ಕ್ಲೀನ್’ ಮಾಡುವ ಹೆಸರಿನಲ್ಲಿ ಅಕ್ಷರದ ಮೇಲಿನ ಚುಕ್ಕಿ, ಕೊಕ್ಕೆಗಳನ್ನು ಕೊಳೆ ಅಂದುಕೊಂಡು ಅಳಿಸುತ್ತವೆ. ಮುಂದಿನ ಹೆಜ್ಜೆಯಲ್ಲಿ ನಿಮಗೆ ಬೇಕಾಗುವುದು ಆ ಚುಕ್ಕಿಗಳೇ.

ಹೆಜ್ಜೆ 4: ಕಾಗುಣಿತ ಬಿಡಿಸುವುದು

ಎಲ್ಲರೂ ಎಡವುವುದು ಇಲ್ಲಿ. ಅಕ್ಷರ ಇಂಗ್ಲಿಷಿನದು ಅಂತ ಕಂಡ ಕೂಡಲೇ ಇಂಗ್ಲಿಷಿನ ಹಾಗೆ ಓದಿಬಿಡುತ್ತೇವೆ. ಹಳೆಯ ನೋಟ್‌ಬುಕ್ಕಿನ ಅಕ್ಷರಗಳು ಇಂಗ್ಲಿಷ್ ಅಲ್ಲ, ಇವತ್ತಿನ ಅಂತರರಾಷ್ಟ್ರೀಯ ಧ್ವನಿ ಲಿಪಿಯೂ ಅಲ್ಲ. ಅಮೆರಿಕದ ಮಾನವಶಾಸ್ತ್ರಜ್ಞರಿಗೆ ತಮ್ಮದೇ ಒಂದು ಕ್ರಮವಿತ್ತು. ಬೋಅಸ್, ಗಾಡರ್ಡ್, ಸಪೀರ್, ಕ್ರೋಬರ್ ಇದ್ದ ಸಮಿತಿ ಅದನ್ನು 1916ರಲ್ಲಿ ಅಚ್ಚು ಹಾಕಿಸಿತು. ಅದರಲ್ಲಿ ‘ಸಿ’ (c) ಅಂದರೆ ನಮ್ಮ ಶ. ‘ಟಿ’ ಮತ್ತು ‘ಸಿ’ ಒಟ್ಟಿಗೆ (tc) ಬಂದರೆ ಚ. ‘ಎಕ್ಸ್’ (x) ಅಂದರೆ ಉರ್ದುವಿನ ಖಬರ್‌ನಲ್ಲಿ ಬರುವಂಥ, ಗಂಟಲು ಕೆರೆಯುವ ಖ. ಪಕ್ಕದಲ್ಲಿ ಅಪಾಸ್ಟ್ರಫಿ ಥರದ ಗುರುತಿದ್ದರೆ ಗಂಟಲನ್ನು ಟಕ್ ಅಂತ ಮುಚ್ಚಿ ಬಿಡುವ ಸದ್ದು. ಕನ್ನಡದ ಕಿವಿಗೆ ಅದು ಕೇಳಿಸುವುದೇ ಇಲ್ಲ, ಹಾಗಾಗಿ ನಮ್ಮವರು ಪ್ರತಿ ಮಾಡುವಾಗ ಆರಾಮಾಗಿ ಬಿಟ್ಟುಬಿಡುತ್ತಾರೆ. ಅದೂ ಒಂದು ವ್ಯಂಜನ. ಬಿಟ್ಟರೆ ಪದವೇ ಬೇರೆ ಆಗಬಹುದು.

ಹಾಗಾಗಿ ಮೊದಲು ನೋಟ್‌ಬುಕ್ಕಿನ ಇಸವಿ ನೋಡಿ. 1930ರ ದಶಕದ ನಡುವಿನಿಂದ ಅಮೆರಿಕದವರು ಶ, ಚ ಎರಡಕ್ಕೂ ತಲೆಯ ಮೇಲೆ ಪುಟ್ಟ ಕೊಕ್ಕೆ ಇರುವ ಅಕ್ಷರಗಳಿಗೆ (š, č) ಹೊರಳಿದರು. ಅದಕ್ಕೆ ಮುಂಚಿನ ‘ಸಿ’ ಮತ್ತು ಆಮೇಲಿನ ‘ಸಿ’ ಒಂದೇ ಅಂತ ಹಿಡಿದರೆ ನಿಮ್ಮ ಪಟ್ಟಿ ಪೂರ್ತಿ ಹಾಳು.

ಇನ್ನು ದೀರ್ಘದ ಗುರುತು. ಸ್ವರದ ಪಕ್ಕ, ಸ್ವಲ್ಪ ಮೇಲೆ, ಒಂದು ಚುಕ್ಕಿ ಇಡುತ್ತಿದ್ದರು. ಇದನ್ನು ನೋಡಲು ಬರ್ಕ್ಲಿಗೇ ಹೋಗಬೇಕಿಲ್ಲ. ಬರೋ ಮತ್ತು ಎಮೆನೊ ಮಾಡಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ತೆರೆಯಿರಿ. ಕನ್ನಡ ಪದದ ದೀರ್ಘ ಸ್ವರದ ಮೇಲೆ ಗೆರೆ ಇರುತ್ತದೆ. ಅದೇ ನಮೂದಿನ ತೊದ, ಕೋತ, ಕೊಡವ ಪದಗಳಲ್ಲಿ ಗೆರೆಯ ಬದಲು ಚುಕ್ಕಿ. ಎಮೆನೊ ಯೇಲ್‌ನಲ್ಲಿ ಸಪೀರ್ ಬಳಿ ಪಳಗಿದವರು, ಆ ಕೈ ಕೊಡಗಿನವರೆಗೂ ಬಂತು. ಗೆರೆ, ಚುಕ್ಕಿ ಎರಡೂ ದೀರ್ಘವೇ. ಚುಕ್ಕಿಯನ್ನು ಪೂರ್ಣವಿರಾಮ ಅಂತ ಓದಿ ಪದವನ್ನು ಎರಡು ತುಂಡು ಮಾಡಿಟ್ಟ ಪಟ್ಟಿಗಳನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ, ಬರೆದವನ ಕಿವಿ ಎಂಥದ್ದು ಅಂತ ಪತ್ತೆ ಮಾಡಬೇಕು. ಮಡಿಕೇರಿಯನ್ನು ಬ್ರಿಟಿಷರು ‘ಮರ್ಕಾರಾ’ ಅಂತ ಬರೆದರು, ಅವರ ಕಿವಿಗೆ ನಮ್ಮ ಡ ಸಿಕ್ಕಿದ್ದು ರ ಆಗಿ. ಮುಟ್ಸುನ್‌ನಲ್ಲೂ ಇದೇ ಕತೆ. ಆ ಭಾಷೆಯಲ್ಲಿ ಹಲ್ಲಿನ ತ ಬೇರೆ, ನಮ್ಮ ಟ ಥರದ್ದು ಬೇರೆ. ದೀರ್ಘ ಸ್ವರ, ಒತ್ತಿನ ವ್ಯಂಜನ ಕೂಡ ಲೆಕ್ಕಕ್ಕೆ ಬರುತ್ತವೆ. 19ನೇ ಶತಮಾನದ ಆರಂಭದಲ್ಲಿ ಅದನ್ನು ಬರೆದಿಟ್ಟ ಪಾದ್ರಿ ಅರೋಯೊ ದೆ ಲಾ ಕ್ವೆಸ್ತಾ ಅವರದ್ದು ಸ್ಪ್ಯಾನಿಷ್ ಕಿವಿ, ಸ್ಪ್ಯಾನಿಷ್ ಕಾಗುಣಿತ. ಸ್ಪ್ಯಾನಿಷ್‌ನಲ್ಲಿ ತ ಒಂದೇ. ‘ಜೆ’ ಅಲ್ಲಿ ಜ ಅಲ್ಲ, ಹ. ನೂರು ವರ್ಷ ಬಿಟ್ಟು ಬಂದ ಹ್ಯಾರಿಂಗ್ಟನ್ ಕಿವಿ ಅದಕ್ಕಿಂತ ಎಷ್ಟೋ ಚುರುಕು. ಇಬ್ಬರ ಬರಹವನ್ನೂ ಒಂದೇ ಕಾಲಮ್ಮಿಗೆ ಸುರಿದರೆ ಏನಾಗುತ್ತದೆ ಹೇಳಿ?

ನಾನು ಹೇಳುವ ಕ್ರಮ ಹೀಗೆ. ಒಂದು ಕೈಬರಹಕ್ಕೆ ಒಂದು ಹಾಳೆ. ಆ ಭಾಷೆಯನ್ನು ಈಗಲೂ ಆಡುವವರು ಇದ್ದರೆ ಅವರಿಂದ, ಇಲ್ಲದಿದ್ದರೆ ಅತ್ಯಂತ ನಂಬಿಕೆಯ ನಿಘಂಟಿನಿಂದ, ನಲವತ್ತು ಐವತ್ತು ಗೊತ್ತಿರುವ ಪದ ಆರಿಸಿ. ನೀರು, ಬೆಂಕಿ, ಕಲ್ಲು, ಒಂದು, ಎರಡು, ಇಂಥವು. ಎದುರಿಗೆ ನೋಟ್‌ಬುಕ್ಕಿನಲ್ಲಿ ಇರುವುದನ್ನು ಇದ್ದ ಹಾಗೇ ಬರೆಯಿರಿ. ಈ ಮನುಷ್ಯ ಯಾವ ಸದ್ದಿಗೆ ಯಾವ ಅಕ್ಷರ ಹಾಕುತ್ತಾನೆ ಅನ್ನುವುದು ತಾನಾಗಿ ಮೇಲೆ ಬರುತ್ತದೆ. ಒಂದೇ ಅಕ್ಷರ ಎರಡು ಸದ್ದಿಗೆ ಬಂದಿದ್ದರೆ ಆ ಅಕ್ಷರವಿರುವ ಪದಗಳಿಗೆಲ್ಲ ಪ್ರಶ್ನೆ ಗುರುತು ಹಾಕಿ, ಊಹೆ ಮಾಡಬೇಡಿ. ಒಂದೇ ಪದ ಎರಡು ಪುಟದಲ್ಲಿ ಎರಡು ಥರ ಇದ್ದರೆ ಎರಡನ್ನೂ ಇಟ್ಟುಕೊಳ್ಳಿ. ‘ಸರಿ’ ಮಾಡಲು ಹೋಗಬೇಡಿ. ಬರೆದವನಿಗೆ ಅನುಮಾನವಿದ್ದ ಸದ್ದು ಯಾವುದು ಅಂತ ಅದೇ ತೋರಿಸುತ್ತದೆ.

ಇನ್ನೊಂದು ಬಲೆ ಇದೆ. ಮೈಯ ಭಾಗಗಳು, ನಂಟರ ಹೆಸರುಗಳು. ಕ್ಯಾಲಿಫೋರ್ನಿಯಾದ ಎಷ್ಟೋ ಭಾಷೆಗಳಲ್ಲಿ ಬರೀ ‘ಕೈ’ ಅಂತ ಹೇಳುವುದೇ ಇಲ್ಲ, ‘ನನ್ನ ಕೈ’ ಅಥವಾ ‘ಅವನ ಕೈ’ ಅನ್ನಬೇಕು. ಸಂಶೋಧಕ ಕೈ ತೋರಿಸಿ ಕೇಳಿದ, ಎದುರಿನವರು ‘ನನ್ನ ಕೈ’ ಅಂದರು, ಇವನು ‘ಕೈ’ ಅಂತ ಬರೆದುಕೊಂಡ. ಕಣ್ಣು, ಮೂಗು, ಅಪ್ಪ, ಅಣ್ಣ ಎಲ್ಲಕ್ಕೂ ಒಂದೇ ಮೊದಲಕ್ಷರ ಬಂದಿದ್ದರೆ ಅಲ್ಲೇ ನಿಲ್ಲಿ.

ವಾಕ್ಯಗಳ ಮಾತೂ ಅಷ್ಟೇ. ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೆಯಲ್ಲಿ ಭಾಷೆ ಭಾಷೆಗೂ ಬೈಬಲ್ಲಿನ ಅದೇ ‘ದಾರಿ ತಪ್ಪಿದ ಮಗ’ನ ಕತೆ ಹೇಳಿಸಿದ್ದಾರೆ. ಹೋಲಿಸಲು ಒಳ್ಳೆಯದು. ಆದರೆ ಅದು ಅನುವಾದ, ಮನೆಮಾತಲ್ಲ. ಪದ ತೆಗೆದುಕೊಳ್ಳಿ, ವಾಕ್ಯದ ಕಟ್ಟನ್ನು ಅಲ್ಲಿಂದ ಕಲಿಯಬೇಡಿ.

ಹೆಜ್ಜೆ 5: ಸಿಲಿಂಡರ್ ಕೇಳುವುದು

ಒಂದು ಸಿಲಿಂಡರಿನಲ್ಲಿ ಹಿಡಿಸುತ್ತಿದ್ದದ್ದು ಎರಡು ಮೂರು ನಿಮಿಷ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಾದ ಯಾಹಿ ಜನರ ಇಶಿ ಎಂಬವರು 1911ರಲ್ಲಿ ಬರ್ಕ್ಲಿಯವರಿಗೆ ಹೇಳಿದ ಬಾತುಕೋಳಿಯ ಕತೆ ಸುಮಾರು 50 ಸಿಲಿಂಡರಿಗೆ ಹಂಚಿಹೋಗಿದೆ. ಹಾಗಾಗಿ ಮೊದಲು ಕ್ರಮ ನೋಡಿ, ಕಿವಿ ಆಮೇಲೆ ಕೊಡಿ. ಮುಳ್ಳು ತಾಗಿಸದೆ, ಗೀರಿನ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಸದ್ದು ಹೊರಡಿಸುವ ವಿಧಾನ ಅಲ್ಲಿನ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿತು. ಹರ್ಸ್ಟ್ ಸಿಲಿಂಡರ್‌ಗಳಿಗೂ ಅದನ್ನೇ ಬಳಸಿದ್ದಾರೆ. ಎಂಪಿ3 ಕೊಟ್ಟರೆ ಒಪ್ಪಬೇಡಿ, ಕುಗ್ಗಿಸದ ವೇವ್ ಫೈಲ್ ಕೇಳಿ.

ಗರಗರ ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕಬೇಡಿ. ಗರಗರದ ಜೊತೆ ಸ, ಶ ಕೂಡ ಹೋಗುತ್ತವೆ. ಹಳೆಯ ಯಂತ್ರ ಅವನ್ನು ಹಿಡಿದದ್ದೇ ಅರೆಬರೆ, ಇದ್ದದ್ದನ್ನಾದರೂ ಉಳಿಸಿಕೊಳ್ಳಿ. ವೈರ್ ಇರುವ ಹೆಡ್‌ಫೋನ್ ಸಾಕು. ಕೇಳಿದ್ದನ್ನು ಬರೆಯಲು ಇಲಾನ್ (ELAN), ಸದ್ದು ಅಳೆಯಲು ಪ್ರಾಟ್ (Praat), ಈ ಎರಡು ಸಾಫ್ಟ್‌ವೇರ್‌ಗಳೂ ಪುಕ್ಕಟೆ ಸಿಗುತ್ತವೆ. ಯಂತ್ರದ ವೇಗ ಆಚೀಚೆ ಆಗಿದ್ದರೆ ಧ್ವನಿ ಕೀರಲೋ ದಪ್ಪವೋ ಆಗುತ್ತದೆ. ಅದನ್ನು ಕೇಳಿ ಹೇಳಿದವರ ವಯಸ್ಸು, ರಾಗ ತೀರ್ಮಾನಿಸಬೇಡಿ.

ಹೆಜ್ಜೆ 6: ಅನುಮತಿ ಕೇಳಿ, ಆಮೇಲೆ ಬಳಸಿ

ಆನ್‌ಲೈನ್‌ನಲ್ಲಿ ಇದೆ ಅಂದ ಮಾತ್ರಕ್ಕೆ ರೀಲ್ಸ್‌ಗೆ ಹಾಕಬಹುದು ಅಂತಲ್ಲ. ಕೆಲವು ಹಾಡು ಪೂಜೆಯದು, ಕೆಲವು ಒಂದೇ ಮನೆತನದ್ದು. 1890ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಜೆಸ್ಸಿ ಫ್ಯೂಕ್ಸ್ ಧ್ವನಿ ಮುದ್ರಿಸಿದ, ಅಲ್ಲಿನ ಮೂಲನಿವಾಸಿಗಳಾದ ಪಾಸಮಕ್ವಾಡಿ ಜನರ ಸಿಲಿಂಡರ್‌ಗಳು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅವಕ್ಕೆ ಆ ಜನರೇ ತಮ್ಮದೇ ಲೇಬಲ್ ಹಚ್ಚಿ, ಹೇಗೆ ಬಳಸಬೇಕು ಅಂತ ಹೇಳಿದ್ದಾರೆ. ಮ್ಯೂಸಿಯಂನ ಅನುಮತಿ ಪತ್ರಕ್ಕಿಂತ ಮುಂಚೆ ಆ ಜನರ ಮಾತು ಕೇಳಿ. ನನ್ನ ಪ್ರಕಾರ ಈ ಕ್ರಮ ಹಿಂದುಮುಂದು ಆಗಲೇಬಾರದು.

ನಮ್ಮ ರಾಜ್ಯದ ಭಾಷೆಗಳ ಕೆಲಸವಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಮತ್ತು ಅಲ್ಲೇ ಇರುವ ಆಂತ್ರೊಪಾಲಜಿಕಲ್ ಸರ್ವೆಯ ಕೇಂದ್ರದಿಂದ ಶುರು ಮಾಡಿ.

ಹೆಜ್ಜೆ 7: ತಪ್ಪು ಕಂಡರೆ ತಿಳಿಸಿ

ಭಾಷೆಯ ಹೆಸರು ಅದಲುಬದಲಾಗಿರುತ್ತದೆ, ಹಾಡಿದವರ ಹೆಸರು ಬಿಟ್ಟುಹೋಗಿರುತ್ತದೆ. ಕ್ಯಾಟಲಾಗಿನಲ್ಲಿ ಇದು ಮಾಮೂಲು. ದಾಖಲೆ ನೋಡಿಕೊಳ್ಳುವವರಿಗೆ ಮೇಲ್ ಹಾಕಿ. ವಿಷಯದ ಸಾಲಿನಲ್ಲಿ ಕ್ಯಾಟಲಾಗ್ ಸಂಖ್ಯೆ, ಒಳಗೆ ಈಗ ಏನಿದೆ, ಏನಿರಬೇಕು, ನಿಮಗೆ ಹೇಗೆ ಗೊತ್ತಾಯಿತು. ಮೂರು ಸಾಲು ಸಾಕು. ಒಂದು ಮೇಲ್‌ಗೆ ಒಂದೇ ಸಂಖ್ಯೆ ಇರಲಿ. ಹತ್ತು ತಪ್ಪು ಒಟ್ಟಿಗೆ ಕಳಿಸಿದರೆ ‘ಆಮೇಲೆ ನೋಡೋಣ’ ಅಂತ ಬದಿಗೆ ಹೋಗುವುದೇ ಜಾಸ್ತಿ.