ಹಳೆಯ ಫ್ರೆಂಚ್ ಆರ್ಗನ್ನಿನ ಜೀರ್ಣೋದ್ಧಾರ ಮಾಡುವ ಕ್ರಮ: ಪ್ಯಾರಿಸ್ಸಿನ ನೋತ್ರ್ ದಾಮ್ ನಿದರ್ಶನ

ಫ್ರಾನ್ಸಿನ ಹಳೆಯ ಚರ್ಚಿನ ಪೈಪ್ ಆರ್ಗನ್ನನ್ನು (ಕೊಳವೆಗಳಿಗೆ ಗಾಳಿ ಹಾಯಿಸಿ ಕೀಲಿಮಣೆಯಿಂದ ನುಡಿಸುವ ವಾದ್ಯವನ್ನು) ದುರಸ್ತಿಗೆ ಎತ್ತಿಕೊಳ್ಳುವವರು ಮೊದಲು ನಿರ್ಧರಿಸಬೇಕಾದ ವಿಷಯವೆಂದರೆ, ಅದರ ಯಾವ ಕಾಲದ ನಾದವನ್ನು ಉಳಿಸಬೇಕು ಎಂಬುದು. ಉಪಕರಣಕ್ಕೆ ಕೈ ಹಾಕುವುದು ಆಮೇಲಿನ ಮಾತು. ಪ್ವಾತ್ಯೆ ನಗರದ ಕೆಥೆಡ್ರಲ್‌ನಲ್ಲಿ ಆರ್ಗನ್ ನಿರ್ಮಾಪಕ ಫ್ರಾಂಸ್ವಾ-ಆನ್ರಿ ಕ್ಲಿಕೋ ಅವರ ಕೊನೆಯ ಮಹಾ ಆರ್ಗನ್ 1791ರಿಂದ ಹೆಚ್ಚು ಬದಲಾವಣೆಯಿಲ್ಲದೆ ನಿಂತಿರುವುದರಿಂದ ಅಲ್ಲಿ ಉತ್ತರ ಸುಲಭ. ನೋತ್ರ್ ದಾಮ್‌ನಲ್ಲಿ ಹಾಗಿಲ್ಲ. ಅಲ್ಲಿನ ಆರ್ಗನ್ನನ್ನು 1733ರಲ್ಲಿ ಫ್ರಾಂಸ್ವಾ ತಿಯೆರಿ ಹೊಸದಾಗಿ ಕಟ್ಟಿದರು, ಕ್ಲಿಕೋ 1780ರ ದಶಕದಲ್ಲಿ ವಿಸ್ತರಿಸಿದರು, ಆರಿಸ್ತೀದ್ ಕವಾಯೆ-ಕೋಲ್ 1868ರಲ್ಲಿ ಐದು ಕೀಲಿಮಣೆಗಳ, 86 ಸ್ಟಾಪ್‌ಗಳ (ಒಂದೊಂದು ಬಗೆಯ ನಾದದ ಕೊಳವೆಸಾಲುಗಳ) ಸಿಂಫನಿ ವಾದ್ಯವನ್ನಾಗಿ ಮರುರೂಪಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ವಿದ್ಯುತ್ ಸಂಪರ್ಕವೂ ಕಂಪ್ಯೂಟರೂ ಸೇರಿದವು. ಇಂದು ಸ್ಟಾಪ್‌ಗಳು 115, ಕೊಳವೆಗಳು ಸುಮಾರು 8,000. ಹದಿನೆಂಟನೆಯ ಶತಮಾನದ ಕೊಳವೆಗಳು ಅವುಗಳ ನಡುವೆ ಇನ್ನೂ ನುಡಿಯುತ್ತಿವೆ. ಇಂಥ ವಾದ್ಯದಲ್ಲಿ ಒಂದು ಪದರವನ್ನು ಮಾತ್ರ ‘ಮೂಲ’ವೆಂದು ಹಿಡಿದು ಉಳಿದವನ್ನು ಕಿತ್ತುಹಾಕುವುದು, ನನ್ನ ದೃಷ್ಟಿಯಲ್ಲಿ, ಜೀರ್ಣೋದ್ಧಾರದ ಹೆಸರಿನಲ್ಲಿ ಮಾಡುವ ನಾಶ.

ನಿರ್ಧಾರ ಯಾರದು ಎಂಬುದೂ ಆರಂಭದಲ್ಲೇ ಸ್ಪಷ್ಟವಾಗಿರಬೇಕು. ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದ 1905ರ ಕಾನೂನಿನ ಪರಿಣಾಮವಾಗಿ ಫ್ರಾನ್ಸಿನ ಹೆಚ್ಚಿನ ಕೆಥೆಡ್ರಲ್‌ಗಳು ಸರ್ಕಾರದ ಸ್ವತ್ತು, ಹಳೆಯ ಊರ ಚರ್ಚುಗಳು ಸ್ಥಳೀಯಾಡಳಿತದ ಸ್ವತ್ತು. ಸಂರಕ್ಷಿತ ಆರ್ಗನ್ ಆಗಿದ್ದರೆ ಸಂಸ್ಕೃತಿ ಇಲಾಖೆಯ ಅನುಮತಿಯಿಲ್ಲದೆ ಕೆಲಸ ಆರಂಭಿಸುವಂತಿಲ್ಲ.

ಮುಂದಿನದು ಹಾನಿಯ ಪರಿಶೀಲನೆ. 2019ರ ಏಪ್ರಿಲ್ 15ರ ಬೆಂಕಿ ನೋತ್ರ್ ದಾಮ್ ಆರ್ಗನ್ನನ್ನು ಸುಡಲಿಲ್ಲ, ನೀರೂ ಅದನ್ನು ಹೆಚ್ಚು ತಟ್ಟಲಿಲ್ಲ. ಆದರೆ ಚಾವಣಿಯ ಸೀಸ ಧೂಳಾಗಿ ಅದರ ಒಳಗೆಲ್ಲ ಇಳಿಯಿತು. ವಾದ್ಯ ನುಡಿಯುವುದೇ ಗಾಳಿಯಿಂದಾದ್ದರಿಂದ ವಿಷಧೂಳನ್ನು ಹಾಗೇ ಬಿಟ್ಟು ನುಡಿಸುವಂತಿರಲಿಲ್ಲ. 2020ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಅದನ್ನು ಬಿಚ್ಚಿ ಇಳಿಸಲಾಯಿತು. ಬಿಚ್ಚುವಾಗ ಪ್ರತಿಯೊಂದು ಕೊಳವೆಗೂ ಅದರ ಸ್ಥಾನವನ್ನು ಸೂಚಿಸುವ ಗುರುತು ಕಟ್ಟಬೇಕು, ಛಾಯಾಚಿತ್ರ ತೆಗೆಯಬೇಕು, ಮೈಮೇಲೆ ಹಳೆಯ ಕುಶಲಕರ್ಮಿಗಳು ಕೆತ್ತಿದ ಸಂಗೀತಸ್ವರಗಳ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಯಾವ ಕೊಳವೆ ಯಾವ ಶತಮಾನದ್ದೆಂದು ಹೇಳುವ ಸಾಕ್ಷಿ ಹಲವು ಸಲ ಆ ಗೀಚುಗಳೇ.

ಶುಚಿಗೊಳಿಸುವಾಗ ಲೋಹಕ್ಕೂ ಮರಕ್ಕೂ ಒಂದೇ ವಿಧಾನ ಸಲ್ಲದು. ತವರ ಮತ್ತು ಸೀಸದ ಮಿಶ್ರಲೋಹದ ಕೊಳವೆಗಳು ಮೃದುವಾಗಿರುತ್ತವೆ. ಧೂಳನ್ನು ಹೀರಿ ತೆಗೆದ ಮೇಲೆ ಮೆಲ್ಲಗೆ ತೊಳೆಯಬಹುದು, ಉಜ್ಜಿ ಹೊಳಪು ಬರಿಸಬಾರದು. ಮರದ ಕೊಳವೆಗಳನ್ನು ನೀರಿನಲ್ಲಿ ನೆನೆಸಿದರೆ ಅಂಟುಗಳೇ ಬಿಡುತ್ತವೆ. ಓಕ್ ಮರ ಹೊರಸೂಸುವ ಅಸಿಟಿಕ್ ಆಮ್ಲದ ಆವಿ ಸೀಸ ಹೆಚ್ಚಿರುವ ಕೊಳವೆಗಳನ್ನು ತಿನ್ನುವುದರಿಂದ ಪಾದಭಾಗದಲ್ಲಿ ಬಿಳಿಯ ಪುಡಿ ಕಂಡರೆ ಅದನ್ನು ಧೂಳೆಂದು ಒರೆಸಿ ಮುಂದುವರಿಯಬಾರದು.

ಹಣ, ಶ್ರಮಗಳನ್ನು ಹೆಚ್ಚಾಗಿ ಬೇಡುವುದು ಗಾಳಿಯ ವ್ಯವಸ್ಥೆ. ತಿದಿಗಳ ಮತ್ತು ಗಾಳಿಪೆಟ್ಟಿಗೆಗಳ ಚರ್ಮ ಒಣಗಿ ಬಿರಿದರೆ ಒತ್ತಡ ಸೋರುತ್ತದೆ, ಕೊಳವೆಗೆ ಗಾಳಿ ಬಿಡುವ ಮುಚ್ಚಳ ಸರಿಯಾಗಿ ಕೂರದಿದ್ದರೆ ಸ್ವರವೊಂದು ತಾನಾಗಿ ನುಡಿಯುತ್ತಲೇ ಇರುತ್ತದೆ. ಕುರಿಯ ಚರ್ಮವನ್ನು ಬಿಸಿ ಸರೇಸಿನಿಂದಲೇ ಅಂಟಿಸಬೇಕು. ಹಾಗೆ ಮಾಡಿದರೆ ಮುಂದಿನ ತಲೆಮಾರಿನವರು ಮರಕ್ಕೆ ಗಾಯವಾಗದಂತೆ ಅದನ್ನು ಬಿಡಿಸಿಕೊಳ್ಳಬಲ್ಲರು. ನಮ್ಮ ರಂಗಗೀತೆಗಳ ಹಾರ್ಮೋನಿಯಂ ಕೂಡ 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂದ್ರ್ ದೆಬೆಯ್ನ್ ಪೇಟೆಂಟ್ ಪಡೆದ ವಾದ್ಯದ ವಂಶದ್ದೇ ಆಗಿರುವುದರಿಂದ, ತಿದಿ ಸೋರಿದರೆ ಏನಾಗುತ್ತದೆಂದು ನುಡಿಸುವವರಿಗೆ ವಿವರಿಸಬೇಕಿಲ್ಲ.

ಕೊನೆಯ ಹಂತವಾದ ನಾದಸಂಸ್ಕಾರವನ್ನು ಕಾರ್ಯಾಗಾರದಲ್ಲಿ ಮುಗಿಸಲಾಗದು. ಪ್ರತಿ ಕೊಳವೆಯ ದನಿ, ಬಿರುಸು, ಆರಂಭದ ಉಸಿರು ಆ ಕಟ್ಟಡದ ಅನುರಣನದಲ್ಲೇ ಹದಗೊಳ್ಳಬೇಕು. ಅದಕ್ಕೆ ನಿಶ್ಶಬ್ದ ಬೇಕು. ಆದ್ದರಿಂದಲೇ 2024ರಲ್ಲಿ ನೋತ್ರ್ ದಾಮ್‌ನ ಈ ಕೆಲಸ ರಾತ್ರಿಯ ಹೊತ್ತು ತಿಂಗಳುಗಟ್ಟಲೆ ನಡೆಯಿತು. ಸ್ಥಿರ ಉಷ್ಣತೆಯೂ ಬೇಕು: ಬಿಸಿ ಏರಿದಂತೆ ಸಾಮಾನ್ಯ ಕೊಳವೆಗಳ ಶ್ರುತಿ ಏರುತ್ತದೆ, ಹಿತ್ತಾಳೆಯ ನಾಲಗೆಯುಳ್ಳವು ಬಹುತೇಕ ಅಲ್ಲೇ ನಿಲ್ಲುತ್ತವೆ, ಎರಡೂ ಬೇರೆಯಾಗುತ್ತವೆ. ಶ್ರುತಿ ಕೂಡಲಿಲ್ಲವೆಂದು ಹಳೆಯ ಕೊಳವೆಯ ತುದಿಯನ್ನು ಎಂದೂ ಕತ್ತರಿಸಬಾರದು. ಕತ್ತರಿಸಿದ ಲೋಹದೊಡನೆ ಅದರ ಮೂಲ ಶ್ರುತಿಯ ದಾಖಲೆಯೂ ಹೋಗುತ್ತದೆ.

ಅದೇ ವರ್ಷದ ಡಿಸೆಂಬರ್ 7ರಂದು ಕೆಥೆಡ್ರಲ್ ಮತ್ತೆ ತೆರೆದಾಗ ಆರ್ಗನ್ ನುಡಿಯಿತು. ಆದರೂ ಹೊಸ ಚರ್ಮ ಮೊದಲ ಋತುಗಳಲ್ಲಿ ಕುಗ್ಗಿ ಹಿಗ್ಗುವುದರಿಂದ ಇಂಥ ಕೆಲಸದ ಒಪ್ಪಂದದಲ್ಲಿ ಆನಂತರದ ವರ್ಷಗಳ ಪರಿಶೀಲನೆಯನ್ನೂ, ನಾಲಗೆ ಕೊಳವೆಗಳ ನಿಯತ ಶ್ರುತಿಗೊಳಿಸುವಿಕೆಯನ್ನೂ ಮೊದಲೇ ಸೇರಿಸಿಕೊಳ್ಳಬೇಕು.