ಮೂವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್: ವಸಡಿನಿಂದ ರಿಟೇನರ್‌ವರೆಗೆ

ಹಲ್ಲಿಗೆ ಕ್ಲಿಪ್ ಹಾಕಿಸುವುದು ಹೈಸ್ಕೂಲು ಮಕ್ಕಳಿಗಷ್ಟೇ ಸಲ್ಲುವ ಕೆಲಸವೆಂಬ ಭಾವನೆ ನಮ್ಮ ದಾವಣಗೆರೆ ಕಡೆ ಇನ್ನೂ ಬಲವಾಗಿದೆ. ನಾನು 39ನೆಯ ವಯಸ್ಸಿನಲ್ಲಿ ಕ್ಲಿಪ್ ಹಾಕಿಸಿಕೊಂಡಾಗ ಮನೆಯವರೂ ಕಚೇರಿಯವರೂ ಕೇಳಿದ ಪ್ರಶ್ನೆ ಒಂದೇ ಆಗಿತ್ತು: ಇಷ್ಟು ಬಲಿತ ಹಲ್ಲು ಈಗ ಸರಿಯುತ್ತದೆಯೇ? ಸರಿಯುತ್ತದೆ. ಆದರೆ ಬೆಳೆದವರಲ್ಲಿ ಈ ಚಿಕಿತ್ಸೆಯ ಫಲ, ತಂತಿ ಕಟ್ಟುವ ಮೊದಲು ವಸಡನ್ನು ಎಷ್ಟು ಸರಿಪಡಿಸಿಕೊಂಡಿದ್ದೇವೆ ಮತ್ತು ತಂತಿ ಬಿಚ್ಚಿದ ಮೇಲೆ ಎಷ್ಟು ಶಿಸ್ತಿನಿಂದ ಇರುತ್ತೇವೆ ಎಂಬುದನ್ನೇ ಹೆಚ್ಚಾಗಿ ಅವಲಂಬಿಸಿದೆ. ಆ ಎರಡು ತುದಿಗಳನ್ನು ಕುರಿತು ನನಗೆ ಯಾರೂ ಮೊದಲೇ ವಿವರವಾಗಿ ಹೇಳಿರಲಿಲ್ಲವಾದ್ದರಿಂದ ಈ ಬರಹದಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಲ್ಲು ಮೂಳೆಗೆ ನೇರವಾಗಿ ಬೆಸೆದುಕೊಂಡಿರುವುದಿಲ್ಲ. ಬೇರಿನ ಸುತ್ತ ಇರುವ ತೆಳುವಾದ ನಾರಿನ ಪದರವೊಂದು ಅದನ್ನು ದವಡೆಯ ಮೂಳೆಗೆ ಹಿಡಿದಿಟ್ಟಿರುತ್ತದೆ. ತಂತಿಯು ಹಲ್ಲನ್ನು ಹಗುರವಾಗಿ, ಆದರೆ ಬಿಡದೆ ಒತ್ತುತ್ತಿದ್ದರೆ, ಒತ್ತಡ ಬಿದ್ದ ಬದಿಯ ಮೂಳೆಯನ್ನು ದೇಹದ ಕೆಲವು ಜೀವಕೋಶಗಳು ಕರಗಿಸುತ್ತವೆ ಮತ್ತು ಎಳೆತ ಬಿದ್ದ ಬದಿಯಲ್ಲಿ ಬೇರೆ ಜೀವಕೋಶಗಳು ಹೊಸ ಮೂಳೆಯನ್ನು ಕಟ್ಟುತ್ತವೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್‌ನಷ್ಟು ಸರಿಯುತ್ತದೆ. ಈ ಕ್ರಿಯೆ ವಯಸ್ಸಿನೊಂದಿಗೆ ನಿಧಾನವಾಗಬಹುದು, ನಿಲ್ಲುವುದಿಲ್ಲ. ವಯಸ್ಕರಿಗೆ ನಿಜವಾದ ಮಿತಿ ಇರುವುದು ದವಡೆಯಲ್ಲಿ. ಮಕ್ಕಳ ದವಡೆ ಬೆಳೆಯುತ್ತಿರುವುದರಿಂದ ಅದರ ಬೆಳವಣಿಗೆಯನ್ನೇ ಸ್ವಲ್ಪ ತಿರುಗಿಸಿಕೊಳ್ಳಬಹುದು. ನಮ್ಮಲ್ಲಿ ಆ ಅವಕಾಶ ಮುಗಿದಿರುತ್ತದೆ. ಆದಕಾರಣ ದೋಷ ಹಲ್ಲಿನ ಸಾಲಿನಲ್ಲಿದೆಯೋ ದವಡೆಯ ಅಳತೆಯಲ್ಲಿದೆಯೋ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಕೇಳಿಕೊಳ್ಳಬೇಕು. ಎರಡನೆಯದಾದರೆ ಹಲ್ಲು ಕೀಳಿಸಿ ಹೊಂದಿಸಿಕೊಳ್ಳುವುದು ಅಥವಾ ದವಡೆಯ ಶಸ್ತ್ರಚಿಕಿತ್ಸೆ, ಇವುಗಳ ನಡುವೆ ಆಯ್ಕೆ ಮಾಡಿಕೊಳ್ಳಬೇಕಾಗುತ್ತದೆ.

ಮೊದಲು ವಸಡು

ಬ್ರಷ್ ಮಾಡುವಾಗ ರಕ್ತ ಬರುತ್ತಿದ್ದರೆ, ಹಲ್ಲು ಉದ್ದವಾದಂತೆ ಕಾಣುತ್ತಿದ್ದರೆ, ಮೊದಲಿಲ್ಲದ ಸಂದು ಬಾಚಿಹಲ್ಲುಗಳ ನಡುವೆ ಈಚೆಗೆ ಮೂಡಿದ್ದರೆ, ನಿಮಗೆ ಮೊದಲು ಬೇಕಾಗಿರುವುದು ವಸಡಿನ ಚಿಕಿತ್ಸೆ. ವಸಡಿನ ರೋಗ ಜಾಗೃತವಾಗಿರುವಾಗ ಹಲ್ಲನ್ನು ಸರಿಸಿದರೆ, ಸೋಂಕಿನಿಂದ ಆಗಲೇ ಕರಗುತ್ತಿರುವ ಮೂಳೆ ಇನ್ನೂ ವೇಗವಾಗಿ ಕರಗುತ್ತದೆ ಮತ್ತು ಸಾಲು ನೇರವಾಗುವ ಹೊತ್ತಿಗೆ ಹಲ್ಲೇ ಅಲುಗಾಡತೊಡಗಬಹುದು. ನನಗೆ ವಸಡಿನ ತಜ್ಞರು ಎರಡು ಸುತ್ತು ಆಳವಾದ ಕ್ಲೀನಿಂಗ್ ಮಾಡಿ, ಮೂರು ತಿಂಗಳು ಕಾದು, ರಕ್ತ ನಿಂತಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟರು. ಆ ಮೂರು ತಿಂಗಳು ನನಗೆ ವ್ಯರ್ಥವೆನಿಸಿತ್ತು. ಈಗ ಹಿಂತಿರುಗಿ ನೋಡಿದರೆ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಬೆಲೆಯುಳ್ಳ ಅವಧಿ ಅದೇ ಆಗಿತ್ತು.

ಹುಳುಕು ಹಲ್ಲುಗಳನ್ನು ತುಂಬಿಸುವ ಕೆಲಸವೂ ಇದೇ ಹಂತದಲ್ಲಿ ಮುಗಿಯಬೇಕು. ರೂಟ್ ಕೆನಾಲ್ ಆದ ಹಲ್ಲನ್ನು ಸರಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಮೂಳೆಗೆ ನೇರವಾಗಿ ಬೆಸೆದುಕೊಂಡಿರುವುದರಿಂದ ಅದು ಕದಲುವುದಿಲ್ಲ. ಹೀಗಾಗಿ ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸುವ ಆಲೋಚನೆ ಇದ್ದರೆ, ಕ್ಲಿಪ್ ಹಾಕುವ ವಕ್ರದಂತ ತಜ್ಞರನ್ನು ಕೇಳುವ ಮೊದಲು ಹಾಕಿಸಬೇಡಿ. ಸಕ್ಕರೆ ಕಾಯಿಲೆಯವರು, ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಫಲಿತಾಂಶವನ್ನು ಜೊತೆಯಲ್ಲಿ ಒಯ್ಯಬೇಕು, ಏಕೆಂದರೆ ಹತೋಟಿಯಲ್ಲಿಲ್ಲದ ಸಕ್ಕರೆ ವಸಡಿನ ರೋಗವನ್ನು ಉಲ್ಬಣಗೊಳಿಸುತ್ತದೆ. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ತಿಳಿಸಬೇಕು. ಅದು ಮೂಳೆ ಕರಗುವ ಕ್ರಿಯೆಯನ್ನೇ ತಡೆಯುವುದರಿಂದ ಹಲ್ಲು ಸರಿಯುವುದು ಕಷ್ಟವಾಗುತ್ತದೆ, ಹಲ್ಲು ಕಿತ್ತ ಗಾಯ ಮಾಯದಿರುವ ಅಪಾಯವೂ ಇರುತ್ತದೆ. ಗರ್ಭಿಣಿಯರೂ ಗರ್ಭ ಧರಿಸುವ ಆಲೋಚನೆಯಲ್ಲಿರುವವರೂ ಎಕ್ಸ್‌ರೇಗೆ ಮುನ್ನ ಹೇಳಬೇಕು. ಗುಟ್ಕಾ, ಹೊಗೆಸೊಪ್ಪು, ಸಿಗರೇಟು ಇವುಗಳನ್ನು ಬಿಡದೆ ಕ್ಲಿಪ್‌ಗೆ ಹಣ ಹಾಕುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಫ್ಲೋರೈಡ್ ನೀರಿನ ಊರಿನವರಿಗೆ

ಜಗಳೂರು ತಾಲ್ಲೂಕಿನಲ್ಲಿಯೂ ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳಲ್ಲಿಯೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುತ್ತದೆ. ಶಾಶ್ವತ ಹಲ್ಲುಗಳು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಅಂಥ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆಗಳೋ ಕಂದು ಕಲೆಗಳೋ ಉಳಿದಿರುತ್ತವೆ. ನನ್ನ ತಾಯಿಯ ಊರು ಆ ಕಡೆಯದು, ನನ್ನ ಬಾಲ್ಯ ಕಳೆದದ್ದೂ ಅಲ್ಲಿಯೇ. ಕ್ಲಿಪ್ ಅಂಟಿಸುವಾಗ ಹಲ್ಲಿನ ಮೇಲ್ಮೈಗೆ ಸ್ವಲ್ಪ ಹೊತ್ತು ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು, ಒಣಗಿಸಿ, ಅಂಟು ಹಾಕಿ, ನೀಲಿ ಬೆಳಕಿನಿಂದ ಅದನ್ನು ಗಟ್ಟಿಗೊಳಿಸುತ್ತಾರೆ. ಫ್ಲೋರೈಡ್ ಹಿಡಿದ ಎನಾಮಲ್ (ಹಲ್ಲಿನ ಹೊರಪದರ) ಈ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಅಂಟಿನ ಹಿಡಿತ ಕಡಿಮೆಯಾಗಿ ಬ್ರಾಕೆಟ್‌ಗಳು, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕುಗಳು, ಪದೇಪದೇ ಉದುರುತ್ತವೆ. ಮೊದಲು ನಾನು ತೋರಿಸಿದ ಕ್ಲಿನಿಕ್ಕಿನಲ್ಲಿ ಈ ವಿಷಯ ಯಾರೂ ಕೇಳಲಿಲ್ಲ, ಹೇಳಬೇಕೆಂಬುದು ನನಗೂ ತಿಳಿದಿರಲಿಲ್ಲ; ಎರಡು ತಿಂಗಳಲ್ಲಿ ಐದು ಬ್ರಾಕೆಟ್ ಉದುರಿದವು. ಬಾಲ್ಯದಲ್ಲಿ ಯಾವ ಊರಿನ ನೀರು ಕುಡಿದಿರಿ ಎಂಬುದನ್ನು ನೀವಾಗಿಯೇ ತಿಳಿಸಿದರೆ, ಆಮ್ಲ ಹಚ್ಚುವ ಸಮಯವನ್ನು ಹೆಚ್ಚಿಸುವುದು, ಮೇಲ್ಮೈಯನ್ನು ತುಸು ಉಜ್ಜಿ ಅಂಟಿಸುವುದು ಮುಂತಾದ ಉಪಾಯಗಳನ್ನು ವೈದ್ಯರು ಮೊದಲೇ ಮಾಡಿಕೊಳ್ಳುತ್ತಾರೆ. ಕ್ಲಿಪ್‌ನಿಂದ ಈ ಕಲೆಗಳು ಹೋಗುವುದಿಲ್ಲ. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಅದನ್ನು ಕ್ಲಿಪ್ ತೆಗೆದ ಮೇಲೆ ಯೋಚಿಸಬೇಕು.

ಯಾರ ಬಳಿ ಹೋಗಬೇಕು

ಬಿಡಿಎಸ್ ಮುಗಿಸಿದ ನಂತರ ಮೂರು ವರ್ಷ ಇದೇ ವಿಷಯದಲ್ಲಿ ಎಂಡಿಎಸ್ ಮಾಡಿದವರು ವಕ್ರದಂತ ತಜ್ಞರು, ಅಂದರೆ ಆರ್ಥೊಡಾಂಟಿಸ್ಟ್. ಅನೇಕ ಕ್ಲಿನಿಕ್ಕುಗಳಿಗೆ ಈ ತಜ್ಞರು ವಾರಕ್ಕೋ ತಿಂಗಳಿಗೋ ಒಮ್ಮೆ ಬಂದು ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ತಂತಿ ಚುಚ್ಚಿದ ದಿನ ಯಾರನ್ನು ಕಾಣಬೇಕೆಂಬುದು ನಿಮಗೆ ಗೊತ್ತಿರಬೇಕು.

ನಮ್ಮ ಭಾಗದವರಿಗೆ ಇರುವ ದೊಡ್ಡ ಅನುಕೂಲವೆಂದರೆ ದಂತ ವೈದ್ಯಕೀಯ ಕಾಲೇಜುಗಳು. ದಾವಣಗೆರೆ ನಗರವೊಂದರಲ್ಲಿಯೇ ಬಾಪೂಜಿ ದಂತ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂಬ ಎರಡು ಸಂಸ್ಥೆಗಳಿವೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜು ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ವಸಡಿನ ವಿಭಾಗವೂ ಎಕ್ಸ್‌ರೇಯೂ ಶಸ್ತ್ರಚಿಕಿತ್ಸೆಯೂ ಒಂದೇ ಆವರಣದಲ್ಲಿ ಸಿಗುತ್ತವೆ, ಮತ್ತು ಸ್ನಾತಕೋತ್ತರ ವಿದ್ಯಾರ್ಥಿ ಮಾಡುವ ಕೆಲಸವನ್ನು ಹಿರಿಯ ಪ್ರಾಧ್ಯಾಪಕರು ನೋಡುತ್ತಾರೆ. ಇದಕ್ಕೆ ಪ್ರತಿಯಾಗಿ ನೀವು ಸಮಯ ಕೊಡಬೇಕು. ಪ್ರತಿ ಭೇಟಿಗೂ ಅರ್ಧ ದಿನ ಎತ್ತಿಡಬೇಕಾದೀತು. ನಿಮ್ಮನ್ನು ನೋಡುವ ವಿದ್ಯಾರ್ಥಿ ಎಷ್ಟನೆಯ ವರ್ಷದಲ್ಲಿದ್ದಾರೆಂದು ಸಂಕೋಚವಿಲ್ಲದೆ ಕೇಳಿ. ಕೊನೆಯ ವರ್ಷದವರಾದರೆ ನಿಮ್ಮ ಚಿಕಿತ್ಸೆ ನಡುವೆಯೇ ಬೇರೊಬ್ಬರ ಕೈಗೆ ಹೋಗುತ್ತದೆ. ಹೊನ್ನಾಳಿ, ಚನ್ನಗಿರಿ, ಹರಿಹರದ ಕಡೆಯಿಂದ ಬರುವವರು ಈ ಚಿಕಿತ್ಸೆಗೆ 4ರಿಂದ 6 ವಾರಕ್ಕೊಮ್ಮೆ, ಒಂದೂವರೆಯಿಂದ ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಓಡಾಡಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಸ್ಥಳ ಆರಿಸಬೇಕು. ಬೆಂಗಳೂರಿನ ಹೆಸರಾಂತ ಕ್ಲಿನಿಕ್ಕಿಗಿಂತ ತಪ್ಪದೆ ಹೋಗಿಬರಬಹುದಾದ ಹತ್ತಿರದ ತಜ್ಞರೇ ಮೇಲು. ಮದುವೆ ಗೊತ್ತಾದ ಮೇಲೆ ಆರು ತಿಂಗಳಲ್ಲಿ ಹಲ್ಲು ಸರಿಯಾಗಬೇಕೆಂದು ಬರುವವರಿಗೆ ಯಾರಾದರೂ ಆಗಲಿ ಎಂದು ಒಪ್ಪಿಕೊಂಡರೆ, ಆ ಅವಸರ ಬೇರುಗಳಿಗೆ ಒಳ್ಳೆಯದಲ್ಲ. ಮಿತಿಮೀರಿದ ಒತ್ತಡ ಬೇರಿನ ತುದಿಯನ್ನು ಸವೆಸುತ್ತದೆ.

ಮೊದಲಿಗೆ ಬಾಯಿಯ ಅಚ್ಚು ಅಥವಾ ಸ್ಕ್ಯಾನ್, ಫೋಟೋಗಳು, ಎಲ್ಲ ಹಲ್ಲುಗಳೂ ಕಾಣುವ ಒಪಿಜಿ ಎಕ್ಸ್‌ರೇ ಮತ್ತು ತಲೆಯ ಪಕ್ಕದಿಂದ ತೆಗೆಯುವ ಎಕ್ಸ್‌ರೇ, ಇಷ್ಟು ಆಗಬೇಕು. ಇವುಗಳನ್ನು ನೋಡದೆಯೇ ನಾಳೆ ಕ್ಲಿಪ್ ಹಾಕೋಣ ಎನ್ನುವ ಕಡೆ ನಿಲ್ಲಬೇಡಿ. ಒಟ್ಟು ಖರ್ಚು ಎಷ್ಟು, ಅದರಲ್ಲಿ ಹಲ್ಲು ಕೀಳುವುದು, ಉದುರಿದ ಬ್ರಾಕೆಟ್ ಮತ್ತೆ ಅಂಟಿಸುವುದು ಮತ್ತು ಕೊನೆಯ ರಿಟೇನರ್ (ಸರಿದ ಹಲ್ಲು ಹಿಂತಿರುಗದಂತೆ ಹಿಡಿದಿಡುವ ಸಾಧನ) ಸೇರಿವೆಯೇ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಹಲ್ಲು ಕೀಳಲೇಬೇಕು ಎಂದರೆ ಏಕೆ ಎಂದು ಎಕ್ಸ್‌ರೇ ಮುಂದಿಟ್ಟುಕೊಂಡು ಕೇಳಿ. ಉಬ್ಬುಹಲ್ಲನ್ನು ಒಳಗೆ ತರಲು ಜಾಗ ಬೇಕಾಗುವುದು ನಿಜ, ಆದರೆ ಹಲ್ಲಿನ ಬದಿಯನ್ನು ಕೂದಲೆಳೆಯಷ್ಟು ಸವೆಸಿ ಅಥವಾ ಮೂಳೆಗೆ ಪುಟ್ಟ ತಿರುಪುಗಳನ್ನು ಹಾಕಿ ಕೆಲಸ ಸಾಗಿಸುವ ಸಂದರ್ಭಗಳೂ ಇವೆ. ವಯಸ್ಕರಲ್ಲಿ ಒತ್ತೊತ್ತಾಗಿದ್ದ ಹಲ್ಲುಗಳು ನೇರವಾದಾಗ ವಸಡಿನ ಬಳಿ, ಹಲ್ಲುಗಳ ಸಂದಿನಲ್ಲಿ, ಕಪ್ಪು ತ್ರಿಕೋನದಂಥ ಸಣ್ಣ ಖಾಲಿ ಜಾಗಗಳು ಕಾಣಿಸಿಕೊಳ್ಳುವ ಸಾಧ್ಯತೆಯನ್ನೂ ಈಗಲೇ ಕೇಳಿ ತಿಳಿದರೆ ಆಮೇಲೆ ಬೇಸರವಾಗುವುದಿಲ್ಲ.

ಲೋಹದ ಕ್ಲಿಪ್ ಅಗ್ಗ, ಗಟ್ಟಿ. ಸೆರಾಮಿಕ್ ಕಣ್ಣಿಗೆ ಬೀಳುವುದು ಕಡಿಮೆ, ಆದರೆ ಬೇಗ ಒಡೆಯುತ್ತದೆ, ಮತ್ತು ಅದಕ್ಕೆ ಸುತ್ತುವ ರಬ್ಬರುಗಳು ನಮ್ಮ ಅರಿಶಿನದ ಸಾರಿನಿಂದ ಎರಡೇ ದಿನದಲ್ಲಿ ಹಳದಿಯಾಗುತ್ತವೆ. ಪಾರದರ್ಶಕ ಅಲೈನರ್‌ಗಳನ್ನು (ಹಲ್ಲಿನ ಸಾಲಿಗೆ ತೊಡಿಸಿ ತೆಗೆಯಬಹುದಾದ ಪ್ಲಾಸ್ಟಿಕ್ ಅಚ್ಚುಗಳು) ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಳ್ಳಲೇಬೇಕು; ತಿನ್ನುವಾಗ ಕುಡಿಯುವಾಗ ತೆಗೆಯಬೇಕಾದ್ದರಿಂದ, ಗಂಟೆಗೊಮ್ಮೆ ಚಹಾ ಕುಡಿಯುವವರಿಗೆ ಅದು ಹೊಂದುವುದಿಲ್ಲ.

ಮೊದಲ ವಾರ ಮತ್ತು ಊಟ

ನೋವು ತಂತಿ ಕಟ್ಟಿದ ಕೆಲವು ಗಂಟೆಗಳಲ್ಲಿ ಶುರುವಾಗಿ, ಮರುದಿನ ಹೆಚ್ಚಾಗಿ, ಐದಾರು ದಿನಗಳಲ್ಲಿ ಇಳಿಯುತ್ತದೆ. ಐಬುಪ್ರೊಫೆನ್‌ನಂಥ ಗುಳಿಗೆಗಳು ಹಲ್ಲು ಸರಿಯುವುದನ್ನು ನಿಧಾನಗೊಳಿಸಬಹುದಾದ್ದರಿಂದ ಹೆಚ್ಚಿನ ವೈದ್ಯರು ಪ್ಯಾರಾಸಿಟಮಾಲ್ ಸೂಚಿಸುತ್ತಾರೆ. ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ತಂತಿ ಉಜ್ಜಿ ಕೆನ್ನೆ ಹುಣ್ಣಾಗುವ ಕಡೆ ಅವರು ಕೊಡುವ ಮೇಣವನ್ನು ಹಚ್ಚಬೇಕು. ಬ್ರಾಕೆಟ್ಟನ್ನು ಮೊದಲು ಒರೆಸಿ ಒಣಗಿಸದಿದ್ದರೆ ಅದು ನಿಲ್ಲುವುದಿಲ್ಲ. ಆ ವಾರ ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ, ರಾಗಿ ಅಂಬಲಿ ಸಾಕು.

ಅನಂತರದ ಊಟದ ವಿಷಯದಲ್ಲಿ ನಮ್ಮೂರಿನವರಿಗೆ ಪರೀಕ್ಷೆ ಇದ್ದೇ ಇದೆ. ಬೆಣ್ಣೆ ದೋಸೆಗೆ ನಿಷೇಧವಿಲ್ಲ. ಗರಿಯಾದ ಅಂಚನ್ನು ಬಿಟ್ಟು ಮೆತ್ತಗಿನ ನಡುಭಾಗವನ್ನು ಚಿಕ್ಕದಾಗಿ ಮುರಿದು ಪಲ್ಯ, ಚಟ್ನಿಯಲ್ಲಿ ಅದ್ದಿ ತಿನ್ನಬಹುದು. ಮಂಡಕ್ಕಿ ಮೆತ್ತಗಿದ್ದರೂ ಅದರಲ್ಲಿರುವ ಶೇಂಗಾ ಮತ್ತು ಹುರಿಗಡಲೆ ಬ್ರಾಕೆಟ್ಟನ್ನು ಕೀಳುತ್ತವೆ, ಮಂಡಕ್ಕಿಯ ಸಿಪ್ಪೆ ತಂತಿಯ ಕೆಳಗೆ ಸೇರಿ ಬ್ರಷ್‌ಗೂ ಸಿಗುವುದಿಲ್ಲ. ಕಡಕ್ ರೊಟ್ಟಿ, ಚಕ್ಕುಲಿ, ಕೊಬ್ಬರಿ, ಕಬ್ಬು ಪೂರ್ತಿ ನಿಲ್ಲಬೇಕು. ಬಿಸಿ ಜೋಳದ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಸುಟ್ಟ ಮೆಕ್ಕೆಜೋಳದ ತೆನೆಯನ್ನು ಕಚ್ಚಬಾರದು, ಕಾಳು ಬಿಡಿಸಿಕೊಂಡು ಬೇಯಿಸಿ ತಿನ್ನಬಹುದು. ಸೀಬೆಹಣ್ಣು, ಸೇಬುಗಳನ್ನು ತೆಳ್ಳಗೆ ಹೆಚ್ಚಿಕೊಳ್ಳಬೇಕು. ಅಡಿಕೆಯ ವಿಷಯದಲ್ಲಿ ರಿಯಾಯಿತಿ ಇಲ್ಲ: ಅದು ತಂತಿಯನ್ನು ಬಾಗಿಸುತ್ತದೆ, ಬ್ರಾಕೆಟ್ಟನ್ನು ಕೀಳುತ್ತದೆ, ಬಾಯಿಗೆ ಅದರಿಂದ ಆಗುವ ಕೆಡುಕು ಬೇರೆಯೇ ಇದೆ.

ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಿ, ದಿನಕ್ಕೆ ಎರಡು ಬಾರಿಯಾದರೂ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ, ತಂತಿಯ ಕೆಳಗಿನ ಸಂದಿಗೆ ಪುಟ್ಟ ಬ್ರಷ್ ಬಳಸಬೇಕು. ನೀರಿನ ಫ್ಲೋರೈಡಿನಿಂದ ಕಲೆಯಾದವರು ಪೇಸ್ಟಿನ ಫ್ಲೋರೈಡಿಗೆ ಹೆದರಬೇಕಾಗಿಲ್ಲ. ಆ ಕಲೆ ಮೂಡುವ ವಯಸ್ಸು ಎಂದೋ ಕಳೆದಿದೆ, ಮತ್ತು ಬ್ರಾಕೆಟ್ಟಿನ ಸುತ್ತ ಹುಳುಕಿನ ಮೊದಲ ಗುರುತಾಗಿ ಕಾಣುವ ಬಿಳಿ ಮಚ್ಚೆಯನ್ನು ತಡೆಯುವುದು ಇದೇ ಫ್ಲೋರೈಡ್. ಜೊತೆಗೆ ಮೂರರಿಂದ ಆರು ತಿಂಗಳಿಗೊಮ್ಮೆ ವಸಡಿನ ತಪಾಸಣೆ ಮತ್ತು ಕ್ಲೀನಿಂಗ್ ಮಾಡಿಸುತ್ತಿರಬೇಕು.

ಕ್ಲಿಪ್ ತೆಗೆದ ಮೇಲೆ

ಕ್ಲಿಪ್ ತೆಗೆದ ದಿನ ಚಿಕಿತ್ಸೆ ಮುಗಿಯಿತೆಂದು ತಿಳಿದವರ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಹೊರಡುತ್ತದೆ. ಹಲ್ಲನ್ನು ಸುತ್ತಿರುವ ವಸಡಿನ ನಾರುಗಳು ಹೊಸ ಸ್ಥಾನಕ್ಕೆ ಒಗ್ಗಿಕೊಳ್ಳಲು ಒಂದು ವರ್ಷದವರೆಗೂ ಬೇಕಾಗುತ್ತದೆ. ವಸಡಿನ ರೋಗದಿಂದ ಮೂಳೆ ಸ್ವಲ್ಪ ಕಳೆದುಕೊಂಡವರಿಗೆ ಈ ಅಪಾಯ ಇನ್ನೂ ಹೆಚ್ಚು. ಹೀಗಾಗಿ ಮುಂದಿನ ಹಲ್ಲುಗಳ ಹಿಂಬದಿಗೆ ಅಂಟಿಸುವ ತೆಳುತಂತಿ, ಅಥವಾ ತೆಗೆದು ಹಾಕಿಕೊಳ್ಳುವ ರಿಟೇನರ್, ಅಥವಾ ಎರಡೂ ಬೇಕು. ಸಾಮಾನ್ಯ ಕ್ರಮವೆಂದರೆ ಮೊದಲ ಕೆಲವು ತಿಂಗಳು ಊಟದ ಹೊತ್ತು ಬಿಟ್ಟು ಹಗಲು ರಾತ್ರಿ ಹಾಕಿಕೊಳ್ಳುವುದು, ಆಮೇಲೆ ರಾತ್ರಿ ಮಾತ್ರ. ಆ ರಾತ್ರಿಯ ಅಭ್ಯಾಸ ನೇರ ಹಲ್ಲು ಬೇಕೆನ್ನುವಷ್ಟು ಕಾಲವೂ ಮುಂದುವರಿಯಬೇಕು.

ನನ್ನ ಮೊದಲ ರಿಟೇನರ್ ಹೋದದ್ದು ಹರಿಹರದ ಒಂದು ಮದುವೆ ಊಟದಲ್ಲಿ. ಕಾಗದದಲ್ಲಿ ಸುತ್ತಿ ಬಾಳೆಎಲೆಯ ತುದಿಗೆ ಇಟ್ಟಿದ್ದೆ, ಊಟವಾದ ಮೇಲೆ ಎಲೆ ಮಡಚಿ ಎದ್ದೆ. ನೆನಪಾಗಿ ಹಿಂತಿರುಗುವಷ್ಟರಲ್ಲಿ ಪಂಕ್ತಿಯ ಎಲೆಗಳೆಲ್ಲ ಹೋಗಿದ್ದವು. ಹೊಸದು ಕೈಗೆ ಬರುವ ಹತ್ತು ದಿನಗಳಲ್ಲಿ ಕೆಳಗಿನ ಒಂದು ಹಲ್ಲು ತಿರುಗಿದ್ದು ನಾಲಗೆಗೇ ತಿಳಿಯುವಷ್ಟಾಗಿತ್ತು. ಆದ್ದರಿಂದ ರಿಟೇನರ್ ಬಾಯಿಯಲ್ಲಿರಬೇಕು, ಇಲ್ಲವೇ ಅದರ ಡಬ್ಬಿಯಲ್ಲಿರಬೇಕು, ಮತ್ತು ಡಬ್ಬಿ ಊಟಕ್ಕೆ ಕೂರುವ ಮೊದಲೇ ಜೇಬು ಅಥವಾ ಕೈಚೀಲ ಸೇರಿರಬೇಕು. ಅದನ್ನು ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಬಿಸಿನೀರು ತಗುಲಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕಳೆದರೆ ಅಥವಾ ಬಿಗಿಯೆನಿಸಿದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಅದೇ ವಾರ ವೈದ್ಯರಿಗೆ ತೋರಿಸಿ, ಸಾಧ್ಯವಾದರೆ ಕ್ಲಿಪ್ ತೆಗೆಸುವ ದಿನವೇ ಎರಡನೆಯ ಜೊತೆಯೊಂದನ್ನು ಮಾಡಿಸಿ ಮನೆಯಲ್ಲಿಟ್ಟುಕೊಳ್ಳಿ.