ಎಒಸಿಗೂ ಮುಂಚೆ: ಅಗ್ಗದ ವಿಮಾನ ಕಂಪನಿಯ ಕಾಗದಪತ್ರ ಕಟ್ಟಿದ ನನ್ನ ಅನುಭವ

ಹೊಸ ವಿಮಾನ ಕಂಪನಿಯಲ್ಲಿ ಕೆಲಸ ಎಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಒಂದೇ: "ಹುಬ್ಬಳ್ಳಿಗೆ ಟಿಕೆಟ್ ಎಷ್ಟಿಡ್ತೀರಿ?" ಆ ದರವನ್ನು ಮಾರಾಟ ವಿಭಾಗದವರು ಪ್ರಕಟಿಸುತ್ತಾರೆ, ನಿಜ. ಆದರೆ ಅದರ ಬಹುಪಾಲು, ಹಾರಾಟದ ಪರವಾನಗಿಯಾದ ಎಒಸಿ ಸಿಗುವ ಮುಂಚಿನ ತಿಂಗಳುಗಳಲ್ಲೇ ನಿಗದಿಯಾಗಿ ಹೋಗಿರುತ್ತದೆ. ಆ ತಿಂಗಳುಗಳಲ್ಲಿ ನಾನು ಮಾಡಿದ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನಗಳ ಲೈನ್ ಮೆಂಟೆನೆನ್ಸ್‌ನಲ್ಲಿ, ಅಂದರೆ ಹಾರಾಟಗಳ ನಡುವಿನ ತಪಾಸಣೆ, ರಿಪೇರಿಯಲ್ಲಿ, ಹಲವು ವರ್ಷ ದುಡಿದ ಎಂಜಿನಿಯರ್ ನಾನು. ಈಗ ಬೆಂಗಳೂರಿನಿಂದ ಸಣ್ಣ ಊರುಗಳಿಗೆ ಹಾರಲು ಹೊರಟಿರುವ ಕಂಪನಿಯೊಂದರ ಸರ್ಟಿಫಿಕೇಶನ್ ಜವಾಬ್ದಾರಿ ನನ್ನದು. ಕಂಪನಿಯ ಹೆಸರು ಇಲ್ಲಿ ಬೇಡ, ಅರ್ಜಿ ಇನ್ನೂ ನಡೆಯುತ್ತಿದೆ.

ಎಟಿಆರ್ 72 ಆರಿಸಿಕೊಂಡದ್ದು ನಮಗೆ ಆ ವಿಮಾನ ಪರಿಚಿತ ಎಂಬ ಕಾರಣಕ್ಕಷ್ಟೇ ಅಲ್ಲ. ನಮ್ಮ ದೇಶದ ನಿಯಮಗಳು ಸಣ್ಣ ವಿಮಾನಕ್ಕೆ ಕೊಟ್ಟಿರುವ ರಿಯಾಯಿತಿಗಳನ್ನು ಲೆಕ್ಕ ಹಾಕಿ ನೋಡಬೇಕು. 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಲ್ಯಾಂಡಿಂಗ್ ಶುಲ್ಕವಿಲ್ಲ. ಗರಿಷ್ಠ ಟೇಕಾಫ್ ತೂಕ 40,000 ಕಿಲೋ ಒಳಗಿದ್ದರೆ ಇಂಧನದ ಮೇಲಿನ ಮಾರಾಟ ತೆರಿಗೆಗೆ ಕಡಿಮೆ ಮಿತಿಯಿದೆ. ದೊಡ್ಡ ವಿಮಾನಕ್ಕೆ ಆಯಾ ರಾಜ್ಯ ಹಾಕಿದ್ದೇ ತೆರಿಗೆ. ಕಂಪನಿಯ ಪಾವತಿಯಾದ ಬಂಡವಾಳದ ಷರತ್ತೂ ಇದೇ ತೂಕದ ಗೆರೆಯ ಮೇಲೆ ನಿಂತಿದೆ. ಐದು ವಿಮಾನಗಳವರೆಗೆ ದೊಡ್ಡವಾದರೆ 50 ಕೋಟಿ, ಸಣ್ಣವಾದರೆ 20 ಕೋಟಿ. 50 ಸೀಟಿಗೆ ಒಬ್ಬರಂತೆ ಕ್ಯಾಬಿನ್ ಕ್ರೂ ಇರಬೇಕು, ಹಾಗಾಗಿ 72 ಸೀಟಿಗೆ ಇಬ್ಬರು ಸಾಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಎಟಿಆರ್‌ಗಳೊಂದಿಗೇ ಹೊರಟಿತು. ನಮ್ಮ ತಲೆಮಾರಿನ ಎಂಜಿನಿಯರುಗಳಿಗೆ ಇಂಥ ಕಂಪನಿಯನ್ನು ಬೆಂಗಳೂರಿನಲ್ಲಿ ಕಟ್ಟಬಹುದು ಎಂಬ ಧೈರ್ಯ ಬಂದದ್ದೇ ಅಲ್ಲಿಂದ.

ಮೊದಲ ಮೆಟ್ಟಿಲು ನಾಗರಿಕ ವಿಮಾನಯಾನ ಸಚಿವಾಲಯದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಅದರಲ್ಲಿ ನನ್ನ ಪಾತ್ರ ಕಡಿಮೆ. ಅಧ್ಯಕ್ಷರು ಮತ್ತು ಮೂರರಲ್ಲಿ ಎರಡು ಪಾಲು ನಿರ್ದೇಶಕರು ಭಾರತೀಯ ಪ್ರಜೆಗಳಾಗಿರಬೇಕು, ಒಡೆತನ ಮತ್ತು ಹಿಡಿತ ಭಾರತೀಯರ ಕೈಯಲ್ಲಿರಬೇಕು, ನಿರ್ದೇಶಕರಿಗೆ ಗೃಹ ಇಲಾಖೆಯ ಭದ್ರತಾ ಅನುಮತಿ ಸಿಗಬೇಕು. ವಕೀಲರು, ಲೆಕ್ಕಪರಿಶೋಧಕರು ಅದನ್ನು ನೋಡಿಕೊಂಡರು. ಎನ್‌ಒಸಿ ಬಂದ ದಿನ ಆಫೀಸಿನಲ್ಲಿ ಸಿಹಿ ಹಂಚಿದರು. ಆದರೆ ಎನ್‌ಒಸಿ ಇದ್ದ ಮಾತ್ರಕ್ಕೆ ಒಬ್ಬ ಪ್ರಯಾಣಿಕನನ್ನೂ ಹತ್ತಿಸುವಂತಿಲ್ಲ. ಅದಕ್ಕೆ ಬೇಕಾದದ್ದು ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಡುವ ಏರ್ ಆಪರೇಟರ್ ಸರ್ಟಿಫಿಕೇಟ್, ಅಂದರೆ ಎಒಸಿ.

ಎಒಸಿಯ ದಾರಿ ಡಿಜಿಸಿಎಯ ಸಿಎಪಿ 3100 ಕೈಪಿಡಿಯಲ್ಲಿದೆ. ಅರ್ಜಿಗೆ ಮುಂಚಿನ ಮಾತುಕತೆ, ಅರ್ಜಿ, ದಾಖಲೆಗಳ ಪರಿಶೀಲನೆ, ಪ್ರಾತ್ಯಕ್ಷಿಕೆ ಮತ್ತು ತಪಾಸಣೆ, ಕೊನೆಗೆ ಸರ್ಟಿಫಿಕೇಟ್ ಎಂದು ಐದು ಹಂತ. ಹೊರಗಿನವರಿಗೆ ಕಾಣುವುದು ಕೊನೆಯ ಎರಡು. ನನ್ನ ನಿದ್ದೆ ತಿಂದದ್ದು ಮೂರನೆಯದು.

ಎಷ್ಟು ಮ್ಯಾನ್ಯುಯಲ್‌ಗಳು! ಆಪರೇಷನ್ಸ್ ಮ್ಯಾನ್ಯುಯಲ್ ಒಂದೇ ನಾಲ್ಕು ಭಾಗ: ಎ, ಬಿ, ಸಿ, ಡಿ. ಅದರ ಜೊತೆಗೆ ಯಾವ್ಯಾವ ಉಪಕರಣ ಕೆಟ್ಟಿದ್ದರೆ ಹಾರಬಹುದು, ಯಾವುದು ಕೆಟ್ಟಿದ್ದರೆ ಹಾರಬಾರದು ಎಂದು ಹೇಳುವ ಎಂಇಎಲ್, ನಿರ್ವಹಣೆಯ ಸಿಎಎಂಇ, ಸುರಕ್ಷತಾ ನಿರ್ವಹಣೆ, ಕ್ಯಾಬಿನ್ ಸುರಕ್ಷತೆ, ಗ್ರೌಂಡ್ ಹ್ಯಾಂಡ್ಲಿಂಗ್, ಅಪಾಯಕಾರಿ ಸರಕು, ವಿಮಾನಯಾನ ಭದ್ರತೆಯ ಸರ್ಕಾರಿ ಸಂಸ್ಥೆ ಬಿಸಿಎಎಸ್ ಒಪ್ಪಬೇಕಾದ ಭದ್ರತಾ ಕಾರ್ಯಕ್ರಮ. ಇವನ್ನೆಲ್ಲ ಸಿದ್ಧ ರೂಪದಲ್ಲಿ ಮಾರುವವರಿದ್ದಾರೆ. ಬೇರೆ ಕಂಪನಿಯ ಮ್ಯಾನ್ಯುಯಲ್ ತಂದು ಹೆಸರು ಬದಲಿಸಿದರೆ ಖರ್ಚು ಉಳಿಯುತ್ತದೆ ಎಂದು ನಮ್ಮ ಹಣಕಾಸಿನವರೂ ಹೇಳಿದರು. ನಾನು ಒಪ್ಪಲಿಲ್ಲ. ಕೆಲಸ ಮಾಡುವವರೇ ಆ ಅಧ್ಯಾಯ ಬರೆಯಬೇಕು ಎಂದು ಹಟ ಹಿಡಿದೆ. ಈ ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಮುಖ್ಯ ತೀರ್ಮಾನ ಅದೊಂದೇ, ಇವತ್ತಿಗೂ ಅದರ ಪರವಾಗಿ ವಾದ ಮಾಡುತ್ತೇನೆ.

ಯಾಕೆಂದರೆ ಅಗ್ಗದ ವಿಮಾನಯಾನದ ಪ್ರಾಣ ಇರುವುದು ಟರ್ನ್‌ಅರೌಂಡ್‌ನಲ್ಲಿ. ವಿಮಾನ ಬಂದು ನಿಂತು, ಜನ ಇಳಿದು, ಮತ್ತೆ ಜನ ಹತ್ತಿ ಹೊರಡುವ ಆ ಅವಧಿ ಎಷ್ಟು ಚಿಕ್ಕದೋ ದಿನಕ್ಕೆ ಹಾರಾಟ ಅಷ್ಟು ಹೆಚ್ಚು. ನಮ್ಮ ವಾಣಿಜ್ಯ ವಿಭಾಗ 25 ನಿಮಿಷ ಎಂದು ವೇಳಾಪಟ್ಟಿ ಮಾಡಿಟ್ಟಿತ್ತು. ಆ 25 ನಿಮಿಷ ಮೂರು ಮ್ಯಾನ್ಯುಯಲ್‌ಗಳಲ್ಲಿ ಹರಡಿಕೊಂಡಿರುತ್ತದೆ. ಒಂದರಲ್ಲಿ ಇಂಧನ, ಇನ್ನೊಂದರಲ್ಲಿ ಕ್ಯಾಬಿನ್ ತಪಾಸಣೆ, ಮತ್ತೊಂದರಲ್ಲಿ ಸಾಮಾನು.

ದೇವನಹಳ್ಳಿ ಹತ್ತಿರ ಒಂದು ಖಾಲಿ ಗೋದಾಮು ಬಾಡಿಗೆಗೆ ಹಿಡಿದೆವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಟಿಆರ್ ಬರೆದು, ಅದರೊಳಗೆ ಎರಡೆರಡರಂತೆ 18 ಸಾಲು ಕುರ್ಚಿ ಹಾಕಿದೆವು. ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಹಿಂಬದಿಯ ಎಡಕ್ಕೆ, ಸಾಮಾನಿನ ಬಾಗಿಲು ಮುಂದೆ. ಆಫೀಸಿನ ಎಲ್ಲರೂ, ನಮ್ಮ ಅಕೌಂಟ್ಸ್ ಹುಡುಗಿಯರಿಂದ ಹಿಡಿದು ಡ್ರೈವರ್ ಅಣ್ಣಂದಿರವರೆಗೆ, ಪ್ರಯಾಣಿಕರಾದರು. ಕೈಯಲ್ಲಿ ಬ್ಯಾಗ್ ಹಿಡಿದು ಹತ್ತುವುದು, ಇಳಿಯುವುದು. ಪಕ್ಕದಲ್ಲಿ ಒಬ್ಬರು ಸ್ಟಾಪ್‌ವಾಚ್, ಒಬ್ಬರು ನೋಟ್‌ಬುಕ್.

ಅಲ್ಲಿ ಸಿಕ್ಕಿದ್ದು ಕುರ್ಚಿಯಲ್ಲಿ ಕೂತು ಬರೆದರೆ ಸಿಗುತ್ತಿರಲಿಲ್ಲ. ವಿಮಾನ ನಿಂತಾಗ ವಿದ್ಯುತ್ತು ಕೊಡುವ ಎಪಿಯು ಎಂಬ ಪ್ರತ್ಯೇಕ ಸಣ್ಣ ಎಂಜಿನ್ ಎಟಿಆರ್‌ಗೆ ಇಲ್ಲ. ನಿಂತಾಗ ವಿದ್ಯುತ್ತು, ಒಳಗೆ ತಂಪು ಗಾಳಿ ಬೇಕೆಂದರೆ ಬಲ ಎಂಜಿನ್‌ನ ಪ್ರೊಪೆಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುತ್ತಾರೆ. ಅದಕ್ಕೆ ಹೋಟೆಲ್ ಮೋಡ್ ಎನ್ನುತ್ತೇವೆ. ಪೈಲಟ್‌ಗಳ ಕರಡಿನಲ್ಲಿ ಹೋಟೆಲ್ ಮೋಡ್ ಇಡೀ ಟರ್ನ್‌ಅರೌಂಡ್‌ಗೆ ಇತ್ತು. ಗ್ರೌಂಡ್‌ನವರ ಕರಡಿನಲ್ಲಿ ಇಂಧನ ತುಂಬುವಾಗ ಎರಡೂ ಎಂಜಿನ್ ನಿಂತಿರಬೇಕು, ವಿದ್ಯುತ್ತು ಹೊರಗೆ ನಿಲ್ಲಿಸಿದ ಜನರೇಟರ್ ಆದ ಜಿಪಿಯುನಿಂದ ಬರಬೇಕು ಎಂದಿತ್ತು. ಎರಡೂ ಪುಟ ಬೇರೆ ಬೇರೆಯಾಗಿ ಓದಿದರೆ ತಪ್ಪಿಲ್ಲ. ಗೋದಾಮಿನಲ್ಲಿ ಇಬ್ಬರೂ ಅವರವರ ಪಾತ್ರ ಮಾಡಿದಾಗ, ಇಂಧನದವನು ಕೈಯೆತ್ತಿ ನಿಂತುಬಿಟ್ಟ: "ಮೇಡಂ, ಎಂಜಿನ್ ಓಡ್ತಾ ಇದೆ ಅಂತ ಕ್ಯಾಪ್ಟನ್ ಹೇಳ್ತಿದ್ದಾರೆ. ನಾನು ಪೈಪ್ ಹಾಕ್ಲೋ ಬೇಡ್ವೋ?" ಅಲ್ಲೇ ಕೂತು ತೀರ್ಮಾನ ಮಾಡಿದೆವು. ಇಂಧನ ತುಂಬುವ ನಿಲ್ದಾಣಗಳಲ್ಲಿ ಜಿಪಿಯು, ಉಳಿದ ಕಡೆ ಹೊರಗೆ ಬೀಸುವ ಗಾಳಿಯ ಮಿತಿ ನೋಡಿಕೊಂಡು ಹೋಟೆಲ್ ಮೋಡ್. ಅದೇ ಸಾಲು ಎರಡೂ ಮ್ಯಾನ್ಯುಯಲ್‌ಗೆ ಹೋಯಿತು. ಪ್ರಯಾಣಿಕರು ಇಳಿದ ಮೇಲೆ ಸೀಟಿನ ಕೆಳಗೆ ಏನಾದರೂ ಬಿಟ್ಟುಹೋಗಿದ್ದಾರೆಯೇ ಎಂದು ನೋಡುವ ಭದ್ರತಾ ತಪಾಸಣೆಗೆ ಯಾರೂ ಸಮಯವನ್ನೇ ಇಟ್ಟಿರಲಿಲ್ಲ. ಅದನ್ನು ಸೇರಿಸಿದಾಗ ಪ್ರತಿ ಸಲವೂ 25 ನಿಮಿಷ ದಾಟಿತು. ವೇಳಾಪಟ್ಟಿಯನ್ನು 30ಕ್ಕೆ ಬದಲಿಸಿದೆವು. ವಾಣಿಜ್ಯದವರಿಗೆ ಬೇಸರವಾಯಿತು. ಆದರೆ ಕಾಗದದಲ್ಲಿ ಮಾತ್ರ ಇರುವ 25 ನಿಮಿಷದಿಂದ ದಿನದ ಕೊನೆಯ ವಿಮಾನ ತಡವಾಗುತ್ತದೆ, ಪೈಲಟ್‌ಗಳ ಡ್ಯೂಟಿ ಮಿತಿ ಮೀರುತ್ತದೆ, ಹಾರಾಟ ರದ್ದಾಗುತ್ತದೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ರಾತ್ರಿ ಸಿಕ್ಕಿಕೊಳ್ಳುವವರು ನಮ್ಮನ್ನು ನಂಬಿ ಟಿಕೆಟ್ ಕೊಂಡವರು.

ಡಿಜಿಸಿಎ ಪರಿಶೀಲನೆಯಲ್ಲಿ ಇದು ಕೈ ಹಿಡಿಯಿತು. ಇನ್‌ಸ್ಪೆಕ್ಟರುಗಳು ಮ್ಯಾನ್ಯುಯಲ್ ಓದುವುದಷ್ಟೇ ಅಲ್ಲ, ಪೋಸ್ಟ್ ಹೋಲ್ಡರ್‌ಗಳನ್ನು, ಅಂದರೆ ವಿಭಾಗಗಳ ಮುಖ್ಯಸ್ಥರನ್ನು, ಕೂರಿಸಿ ಪ್ರಶ್ನೆ ಕೇಳುತ್ತಾರೆ. ಕಾರ್ಯಾಚರಣೆ, ತರಬೇತಿ, ಸುರಕ್ಷತೆ, ನಿರ್ವಹಣೆಯ ಮುಖ್ಯಸ್ಥರನ್ನು ಅವರು ಒಪ್ಪದೆ ಮುಂದೆ ಹೋಗಲಾಗದು. ಸ್ವತಃ ಬರೆದವರಿಗೆ ಉತ್ತರ ಹುಡುಕಬೇಕಾಗಲಿಲ್ಲ. ಗುಡ್ಡದ ನೆತ್ತಿಯ ಮೇಲಿರುವ ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ಬಗ್ಗೆ ಬರೆದದ್ದು ಅಲ್ಲಿ ಮಳೆಗಾಲದಲ್ಲಿ ಇಳಿಸಿ ಅನುಭವವಿದ್ದ ಕ್ಯಾಪ್ಟನ್. 2010ರ ಮೇ 22ರ ವಿಮಾನ ದುರಂತದ ನಂತರ ಆ ನಿಲ್ದಾಣದ ಬಗ್ಗೆ ಯಾರೂ ಹಗುರವಾಗಿ ಬರೆಯಲಾರರು, ಬರೆಯಲೂ ಬಾರದು. ಅವರ ಭಾಗಕ್ಕೆ ಬಂದ ಟಿಪ್ಪಣಿಗಳು ಬಹಳ ಕಡಿಮೆ. ಇನ್‌ಸ್ಪೆಕ್ಟರುಗಳಿಂದ ಬಂದ ಪ್ರತಿ ಅಬ್ಸರ್ವೇಶನ್ನನ್ನೂ, ಅಂದರೆ ಟಿಪ್ಪಣಿಯನ್ನೂ, ನಾನೊಂದು ರಿಜಿಸ್ಟರಿನಲ್ಲಿ ಬರೆದಿಟ್ಟೆ. ಪ್ರಶ್ನೆ, ಉತ್ತರ, ಬದಲಾದ ಪುಟ, ಆ ಬದಲಾವಣೆ ಮುಟ್ಟಿದ ಇತರ ಮ್ಯಾನ್ಯುಯಲ್‌ಗಳು. ಈ ಕೊನೆಯ ಕಾಲಂ ಬಿಟ್ಟರೆ ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸುತ್ತೀರಿ.

ಇನ್ನು ಹಣ. ವಿಮಾನ ಬಂದ ದಿನದಿಂದ ಲೀಸ್ ಬಾಡಿಗೆ ಓಡುತ್ತದೆ, ಟಿಕೆಟ್ ಮಾರಿರಲಿ ಬಿಡಲಿ. 2023ರ ಮೇನಲ್ಲಿ ಗೋ ಫಸ್ಟ್ ವಿಮಾನ ಕಂಪನಿ ದಿವಾಳಿ ಅರ್ಜಿ ಹಾಕಿ, ವಿಮಾನಗಳ ಮಾಲೀಕರು ತಮ್ಮ ವಿಮಾನ ಬಿಡಿಸಿಕೊಳ್ಳಲು ಕೋರ್ಟು ಹತ್ತಬೇಕಾಯಿತು. ಆಮೇಲೆ ಭಾರತದ ಹೊಸ ಕಂಪನಿ ಎಂದರೆ ಅವರು ಭದ್ರತಾ ಠೇವಣಿಯ ಮಾತನ್ನೇ ಮೊದಲು ಎತ್ತುತ್ತಾರೆ. ಆದ್ದರಿಂದ ಮೊದಲು ಪೋಸ್ಟ್ ಹೋಲ್ಡರ್‌ಗಳು, ಆಮೇಲೆ ತರಬೇತುದಾರರು, ಆಮೇಲೆ ಪೈಲಟ್ ಮತ್ತು ಕ್ರೂ, ಎಲ್ಲರಿಗಿಂತ ಕೊನೆಗೆ ವಿಮಾನ ಎಂಬ ಕ್ರಮ ಹಾಕಿಕೊಂಡೆವು. ನನ್ನ ಕಣ್ಣ ಮುಂದಿದ್ದ ಮಾದರಿ ಆಕಾಸ ಏರ್ ಎಂಬ ವಿಮಾನ ಕಂಪನಿ. ಅವರ ಮೊದಲ ವಿಮಾನ 2022ರ ಜೂನ್ 21ಕ್ಕೆ ದೆಹಲಿಗೆ ಬಂತು, ಜುಲೈ 7ಕ್ಕೆ ಎಒಸಿ ಕೈಯಲ್ಲಿತ್ತು. ಕಾಗದದ ಕೆಲಸ ವಿಮಾನಕ್ಕಿಂತ ಮುಂಚೆ ಮುಗಿದಿರದಿದ್ದರೆ ಅದು ಸಾಧ್ಯವೇ ಇರಲಿಲ್ಲ.

ನಮ್ಮ ಮೊದಲ ವಿಮಾನ ಈಗ ಬಂದಿದೆ, ಭಾರತದ ವಿಮಾನಗಳಿಗೆ ಕೊಡುವ ವಿಟಿ ನೋಂದಣಿಯೂ ಆಗಿದೆ. ತುರ್ತು ನಿರ್ಗಮನದ ಪ್ರಾತ್ಯಕ್ಷಿಕೆ ಮುಗಿಯಿತು. ಎಟಿಆರ್ ನೆಲಕ್ಕೆ ಹತ್ತಿರವಿರುವುದರಿಂದ ಜಾರುಬಂಡಿ ಇಲ್ಲ. ಹಿಂದೆ ಎರಡು ಬಾಗಿಲು, ಮುಂದೆ ಎತ್ತಿ ಹೊರಗೆ ಎಸೆಯಬೇಕಾದ ಎರಡು ಹ್ಯಾಚ್. ಚಿತ್ರದುರ್ಗದಿಂದ, ಬಾಗಲಕೋಟೆಯಿಂದ ಬಂದ ನಮ್ಮ ಕ್ರೂ ಹುಡುಗಿಯರು ಗಂಟಲು ಬಿಚ್ಚಿ ಆದೇಶ ಕೂಗಿದ್ದನ್ನು ಕೇಳಿ ನನ್ನ ಎದೆ ಉಬ್ಬಿತು.

ಉಳಿದಿರುವುದು ಪ್ರೂವಿಂಗ್ ಫ್ಲೈಟ್‌ಗಳು. ಟಿಕೆಟ್ ಕೊಂಡ ಪ್ರಯಾಣಿಕರಿಲ್ಲದೆ, ಇನ್‌ಸ್ಪೆಕ್ಟರುಗಳನ್ನು ಕೂರಿಸಿಕೊಂಡು ನಿಜವಾದ ಮಾರ್ಗಗಳಲ್ಲೇ ಹಾರಬೇಕು. ನಡುವೆ ಅವರು ಕಾಲ್ಪನಿಕ ತೊಂದರೆಗಳನ್ನು ಕೊಡುತ್ತಾರೆ. ಅದು ಮುಗಿದು ಎಒಸಿ ಬಂದರೂ ವೇಳಾಪಟ್ಟಿಯ ಒಪ್ಪಿಗೆ, ನಿಲ್ದಾಣಗಳ ಸ್ಲಾಟ್ (ಇಳಿಯಲು, ಹೊರಡಲು ಕೊಡುವ ಸಮಯ) ಇದ್ದೇ ಇವೆ. ಹಾರಾಟ ನಿಲ್ಲಿಸಿದ್ದ ಜೆಟ್ ಏರ್‌ವೇಸ್‌ಗೆ 2022ರ ಮೇ 20ರಂದು ಎಒಸಿ ಮರಳಿ ಸಿಕ್ಕಿತ್ತು, ಆದರೆ ಅದು ಮತ್ತೆ ಪ್ರಯಾಣಿಕರನ್ನು ಹೊತ್ತು ಹಾರಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಆಸ್ತಿ ಮಾರಿ ಮುಚ್ಚಲು ಆದೇಶಿಸಿತು. ಹಾಗಾಗಿ ನಮ್ಮ ಮಾರಾಟದವರು ಬುಕಿಂಗ್ ತೆರೆಯುವ ದಿನಾಂಕ ಕೇಳಿಕೊಂಡು ಬಂದಾಗಲೆಲ್ಲ ಆಕಾಸದ ದಿನಾಂಕಗಳನ್ನೇ ತೋರಿಸುತ್ತೇನೆ: ಎಒಸಿ ಜುಲೈ 7, ಬುಕಿಂಗ್ ಜುಲೈ 22, ಮುಂಬೈ–ಅಹಮದಾಬಾದ್ ಮೊದಲ ಹಾರಾಟ ಆಗಸ್ಟ್ 7. ಎಒಸಿಯಿಂದ ಹಾರಾಟದವರೆಗೆ ಒಂದು ತಿಂಗಳು. ನಮ್ಮ ಹಣಕಾಸಿನ ಲೆಕ್ಕದಲ್ಲೂ ಆ ಒಂದು ತಿಂಗಳ ಬಾಡಿಗೆ, ಸಂಬಳವನ್ನು ಬೇರೆಯಾಗಿ ತೆಗೆದಿಡಿಸಿದ್ದೇನೆ.